ಎಂಟನೆಯ ಬಂದರು

ಏಳನೆಯ ಬಂದರಿನಲ್ಲಿ ದೋಣಿ ಕಟ್ಟಿ, ಉಪ್ಪಿನ ಮೂಟೆಗಳನ್ನೆಲ್ಲ ದಡಕ್ಕಿಳಿಸಿ ಮುಗಿಸಿದಾಗ ಭಾನುವಾರ ಬೆಳಿಗ್ಗೆ ಹತ್ತೂವರೆ. ಅಜ್ಜ ಆಟದ ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡು ಬೆರಳುಗಳ ನಟಿಕೆ ಮುರಿದ. ಮೊಮ್ಮಗಳು ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಳು.

"ಇನ್ನೊಂದೇ ಅಜ್ಜ. ದೀಪದ ದ್ವೀಪ. ಅಲ್ನೋಡು, ದೀಪ ತಿರುಗ್ತಾ ಇದೆ."

"ನಡಿ ಹಾಗಾದ್ರೆ. ಗಾಳಿ ನಮ್ಮ ಕಡೆಗೇ ಇದೆ."

ದೋಣಿ ಹೊರಟಿತು. ದ್ವೀಪದ ಕಲ್ಲುಗಳು ಕಾಣುವಷ್ಟು ಹತ್ತಿರ ಹೋಯಿತು. ಅಲ್ಲಿ ನೀರಿನ ಮೇಲೆ ಒಂದು ಬೀಗದ ಚಿತ್ರ ಎದ್ದು ನಿಂತಿತು. ಈ ಬಂದರು ನಿಮ್ಮ ಆಟದಲ್ಲಿ ಸೇರಿಲ್ಲ, ಕೊಳ್ಳಲು ಇಲ್ಲಿ ಒತ್ತಿ, ಎಂದಿತು ಪರದೆ. ಕೇಳಿದ ಬೆಲೆ ಇಡೀ ಆಟದ ಅರ್ಧದಷ್ಟಿತ್ತು.

ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಬಡಗಿ ತಲೆ ಎತ್ತಿದ. ಮಾತಿಲ್ಲದೆ ಮಗಳು ಕೂತಳೆಂದರೆ ಏನೋ ಆಗಿದೆ ಎಂದೇ ಅರ್ಥ.

"ಏನಂತೆ?"

"ಎಂಟನೇದು ಬೇಕಿದ್ರೆ ಮತ್ತೆ ದುಡ್ಡು ಕೊಡ್ಬೇಕಂತೆ."

"ಹೊಸದಾಗಿ ಮಾಡಿ ಕಳಿಸ್ತಾರೇನೋ."

"ಹೊಸದಲ್ಲ ಅಪ್ಪ. ಎಷ್ಟು ದೊಡ್ಡದು ಅಂತ ಇಲ್ಲಿ ಬರೆದಿದೆ ನೋಡು. ನಿನ್ನ ಫೋನಲ್ಲಿರೋ ಒಂದು ಫೋಟೋಗಿಂತ ಚಿಕ್ಕದು. ಅಷ್ಟರಲ್ಲಿ ಒಂದು ದ್ವೀಪ ಹೇಗೆ ಹಿಡಿಯುತ್ತೆ? ದ್ವೀಪ ಆಗಲೇ ಈ ಡಿಸ್ಕಿನಲ್ಲಿದೆ. ಅವರು ಕಳಿಸೋದು ಬರೀ ಬೀಗದಕೈ."

ಬಡಗಿ ಹುರುಳಿಕಾಯಿಯ ತಟ್ಟೆಯನ್ನು ಪಕ್ಕಕ್ಕಿಟ್ಟು ಎದ್ದು ಬಂದ. ಆ ಡಿಸ್ಕಿಗಾಗಿ ಮಗಳು ಮೂರು ತಿಂಗಳು ಕಟ್ಟಡದ ನಾಲ್ಕು ಮಹಡಿಯ ಮೆಟ್ಟಿಲುಗಳನ್ನು ಗುಡಿಸಿ ಒರೆಸಿದ್ದಳು. ಅವಳು ಬರುವ ಹೊತ್ತಿಗೆ ಎರಡನೆಯ ಮಹಡಿಯವರು ಚಪ್ಪಲಿಗಳನ್ನು ತಾವೇ ಒಳಗಿಟ್ಟುಕೊಳ್ಳುತ್ತಿದ್ದರು. ಸೊಂಟದ ಮೂಳೆ ಮುರಿದು ಮನೆ ಹಿಡಿದಿದ್ದ ಅಜ್ಜನಿಗೆ, ಶಾಲೆ ಬಿಟ್ಟ ಮೇಲಿನ ಒಂದು ಗಂಟೆಯ ದೋಣಿಯಾಟವೇ ದಿನದ ತಿರುಗಾಟ.

"ಇದ್ಯಾವ ನ್ಯಾಯ? ನಾನು ಒಂದು ಕುರ್ಚಿ ಮಾಡಿಕೊಟ್ಟು, ನಾಲ್ಕನೇ ಕಾಲಿಗೆ ಬೇರೆ ದುಡ್ಡು ಅಂದ್ರೆ, ಜನ ಆ ಕಾಲಲ್ಲೇ ಹೊಡೀತಾರೆ."

"ಕುರ್ಚಿ ಆಮೇಲೆ ಮಾಡುವಿರಂತೆ, ಮೊದಲು ಕಾಯಿ ಸೋಸಿ," ಎಂದಳು ಹೆಂಡತಿ ಒಳಗಿನಿಂದ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಕೆಲಸ. ಭಾನುವಾರವೊಂದೇ ಬಿಡುವು.

ಅಜ್ಜ ಗಂಟಲು ಸರಿಮಾಡಿಕೊಂಡ. "ನನ್ನ ಪಿಂಚಣಿ ಇದೆ. ಒತ್ತಿಬಿಡು, ಆಚೆ ಹೋಗೋಣ."

"ಬೇಡ ಅಜ್ಜ. ಕೊಂಡಿದ್ದನ್ನೇ ಎರಡು ಸಲ ಕೊಳ್ಳೋದಾ?"

ಅಜ್ಜ ಅವಳಿಗೆ ಸುತ್ತಿಗೆ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮೊಳೆ ಒಳಗೆ ಹೋಗುವವರೆಗೆ ಒಂದೇ ಜಾಗಕ್ಕೆ ಹೊಡೆಯುವವಳು. ಬಡಗಿಯ ಎದೆಯುಬ್ಬಿತು.

"ಸರಿಯಾಗಿ ಹೇಳಿದೆ. ಬಿಡಬೇಡ. ಶನಿವಾರ ಹೋಗಿ ಅಂಗಡಿಯವನನ್ನ ಮುಖಕ್ಕೆ ಮುಖ ಕೊಟ್ಟು ಕೇಳು."

ಬಸ್ ನಿಲ್ದಾಣದ ಪಕ್ಕದ ಆ ಅಂಗಡಿ ಒಂದು ಆಳು ಅಗಲ, ನಾಲ್ಕು ಆಳು ಉದ್ದ. ಮೊದಲ ಶನಿವಾರ ಬಡಗಿಯೂ ಹೋದ. ದಪ್ಪ ಕನ್ನಡಕದ ಅಂಗಡಿಯವನು ಆಟದ ಡಬ್ಬಿಯನ್ನು ತಿರುಗಿಸಿ, ಇರುವೆಗಿಂತ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟ.

"ಕೆಲವು ಭಾಗಗಳಿಗೆ ಬೇರೆ ಹಣ ಅಂತ ಹಾಕಿದ್ದಾರೆ ಸ್ವಾಮಿ. ಮಾಡಿದ್ದು ನಾನಲ್ಲ, ನಾನು ಬರೀ ಮಾರೋನು."

"ಮಾರೋನು ಅಂದ್ಮೇಲೆ ಹೇಳಬೇಕಲ್ವಾ?" ಎಂದ ಬಡಗಿ. "ಕೈ ತೊಳ್ಕೊಂಡುಬಿಟ್ರೆ ಆಯ್ತಾ?"

ಎರಡನೆಯ ಶನಿವಾರ ಸುತ್ತಿಗೆ ಅಜ್ಜನ ಜೊತೆ ಹೋದಳು. ಮನೆ ಹಿಡಿದ ಮೇಲೆ ಮೊದಲ ಸಲ ಹೊರಬಿದ್ದು, ಕೋಲೂರಿಕೊಂಡು ಬಂದ ಅಜ್ಜನಿಗೆ ಅಂಗಡಿಯವನು ತಾನು ಕೂತಿದ್ದ ಸ್ಟೂಲನ್ನೇ ಹೊರಗೆ ತಂದಿಟ್ಟ. ಮೂರನೆಯ ಶನಿವಾರಕ್ಕೆ ಸ್ಟೂಲು ಮೊದಲೇ ಹೊರಗಿತ್ತು. ಆಟ ಮಾಡಿದ ಕಂಪನಿಗೂ ಅವಳು ಕಾಗದ ಬರೆದಳು. ನಿಮ್ಮ ಆಸಕ್ತಿಗೆ ಧನ್ಯವಾದ ಎಂದು ಉತ್ತರ ಬಂತು. ಅದರ ಕೆಳಗೆ, ದೋಣಿಗೆ ಬಂಗಾರದ ಬಣ್ಣದ ಹಾಯಿ ಬಂದಿದೆ, ಕೊಳ್ಳಬಹುದು ಎಂಬ ಒಕ್ಕಣೆ.

"ಹಾಯಿ ಮಾರೋಕೆ ಬಂದ್ರಲ್ಲ ಅವರು," ಎಂದು ಹೆಂಡತಿ ನಕ್ಕಳು. "ಇವಳು ಶನಿವಾರ ಶನಿವಾರ ಅಂಗಡಿ ಕಾಯ್ತಾಳೆ, ಇಲ್ಲಿ ಮೆಟ್ಟಿಲ ಮೇಲೆ ಧೂಳಲ್ಲಿ ಹೆಸರು ಬರೀಬಹುದು. ನೀವಾದ್ರೂ ಸಾಕು ಅಂತ ಹೇಳ್ರೀ."

"ಯಾಕೆ ಸಾಕು? ತಪ್ಪನ್ನ ತಪ್ಪು ಅನ್ನೋದು ಕಲೀಲಿ. ಮೆಟ್ಟಿಲು ನಾನು ಗುಡಿಸ್ತೀನಿ." ಗುಡಿಸಿದ ಕೂಡ.

ನಾಲ್ಕನೆಯ ಶನಿವಾರ ಸುತ್ತಿಗೆ ದುಡ್ಡು ವಾಪಸ್ ಕೇಳಲಿಲ್ಲ. ಡಬ್ಬಿಯ ಮೇಲಿನ ಅಕ್ಷರ ಯಾರಿಗೂ ಕಾಣುವುದಿಲ್ಲ, ನೀವಾದರೂ ದೊಡ್ಡದಾಗಿ ಬರೆದು ಅಂಟಿಸಿ, ಎಂದಳು. ಅಂಗಡಿಯವನು ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ. ಆಮೇಲೆ ರಟ್ಟಿನ ಚೂರೊಂದರ ಮೇಲೆ ದಪ್ಪ ಪೆನ್ನಿನಲ್ಲಿ ಬರೆದ: ಈ ಆಟದಲ್ಲಿ ಎಂಟನೆಯ ಬಂದರಿಗೆ ಬೇರೆ ಹಣ. ಅದನ್ನು ಕಪಾಟಿನ ಅಂಚಿಗೆ ಅಂಟಿಸಿದ. ಅವಳು ಅಲ್ಲಿರುವಾಗಲೇ ಒಬ್ಬ ಹೆಂಗಸು ಅದನ್ನೋದಿ, ಎತ್ತಿಕೊಂಡಿದ್ದ ಡಬ್ಬಿಯನ್ನು ಕೆಳಗಿಟ್ಟಳಂತೆ.

"ಅವರಿಗೆ ಒಂದು ವ್ಯಾಪಾರ ಹೋಯ್ತು ಅಪ್ಪ," ಎಂದಳು ಮನೆಗೆ ಬಂದ ಸುತ್ತಿಗೆ. "ಆದ್ರೂ ಕಿತ್ತುಹಾಕಲಿಲ್ಲ."

"ಮನುಷ್ಯ ಒಳ್ಳೆಯವನು," ಎಂದ ಬಡಗಿ.

ಮುಂದಿನ ಬುಧವಾರ ಕಾರ್ಖಾನೆಯ ಮಾಲೀಕ ಬಡಗಿಯ ಕೈಗೆ ಒಂದು ವಿಳಾಸದ ಚೀಟಿ ಕೊಟ್ಟ. "ಈ ಮನೆಯವರು ಮೂರನೇ ಡ್ರಾಯರಿಗೆ ದುಡ್ಡು ಕಟ್ಟಿದ್ದಾರೆ. ಹೋಗಿ ಬಿಚ್ಚಿಕೊಟ್ಟು ಬಾ."

ಆ ಕಾರ್ಖಾನೆಯಲ್ಲಿ ಬೀರುಗಳ ಕೆಲಸ ನಡೆಯುತ್ತಿದ್ದದ್ದು ಹೀಗೆ. ಯಂತ್ರ ಎಲ್ಲ ಬೀರುಗಳನ್ನೂ ಒಂದೇ ಅಳತೆಗೆ ಕೊಯ್ಯುತ್ತದೆ. ಬೇರೆ ಬೇರೆ ಅಳತೆ ಇಟ್ಟರೆ ಖರ್ಚು ಹೆಚ್ಚು. ಆದ್ದರಿಂದ ಪ್ರತಿ ಬೀರುವಿಗೂ ಮೂರು ಡ್ರಾಯರು. ಎರಡಕ್ಕಷ್ಟೇ ಹಣ ಕೊಟ್ಟವರ ಬೀರು ಕೊನೆಗೆ ಬಡಗಿಯ ಮೇಜಿಗೆ ಬರುತ್ತದೆ. ಅವನು ಮೂರನೆಯದರ ಮೇಲೆ ಅದೇ ಬಣ್ಣದ ಹಲಗೆ ಕೂರಿಸಿ, ಒಳಗಿನಿಂದ ನಾಲ್ಕು ಸ್ಕ್ರೂ ಬಿಗಿಯುತ್ತಾನೆ. ಸಂದು ಕಾಣಬಾರದು, ಅದರಲ್ಲಿದೆ ಕೈಚಳಕ. ಎರಡು ವರ್ಷದಿಂದ ಮಾಡುತ್ತಿದ್ದ. ಅಂಚೆಯವನು ಮುದ್ರೆ ಒತ್ತಿದ ಹಾಗೆ, ಒತ್ತಿ ಮುಂದಕ್ಕೆ ಕಳಿಸುವುದು. ಅದರ ಬಗ್ಗೆ ಅವನು ಎಂದೂ ಯೋಚಿಸಿರಲಿಲ್ಲ.

ಬಾಗಿಲು ತೆರೆದ ಮನೆಯವನು ಬಸ್ ಕಂಡಕ್ಟರ್. ಸಮವಸ್ತ್ರ ಇನ್ನೂ ಕಳಚಿರಲಿಲ್ಲ. ಬಡಗಿಯ ಹಿಂದೆ ಮೆಟ್ಟಿಲ ಕಡೆ ಇಣುಕಿ ನೋಡಿದ.

"ಡ್ರಾಯರ್ ಕೆಳಗೆ ಗಾಡೀಲಿದೆಯಾ? ತಡೀರಿ, ನಾನೂ ಒಂದು ಕೈ ಕೊಡ್ತೀನಿ. ಒಬ್ಬರೇ ಯಾಕೆ ಹೊರ್ತೀರಿ?"

ಬಡಗಿಯ ಕೈಯಲ್ಲಿದ್ದದ್ದು ಒಂದು ಸ್ಕ್ರೂಡ್ರೈವರ್ ಮಾತ್ರ.

"ಬೇಡ ಸಾರ್. ನೀವು ಇಲ್ಲೇ ಕೂತಿರಿ, ಒಳಗೆ ಧೂಳಾಗುತ್ತೆ." ಹಾಗೆ ಹೇಳಬೇಕೆಂಬುದು ಮಾಲೀಕನ ಅಪ್ಪಣೆ. ಸರಿ ಎಂದು ಕಂಡಕ್ಟರ್ ಸಮವಸ್ತ್ರ ಬದಲಿಸಲು ಆಚೆ ಹೋದ.

ಒಳಕೋಣೆಯ ಮಂಚದ ಮೇಲೆ ಇಬ್ಬರು ಹುಡುಗಿಯರು ಪುಸ್ತಕ ಹರಡಿಕೊಂಡು ಲೆಕ್ಕ ಮಾಡುತ್ತಿದ್ದರು. ಒಬ್ಬಳು ಆ ಮನೆಯವಳು. ಇನ್ನೊಬ್ಬಳು ಸುತ್ತಿಗೆ.

"ಅಪ್ಪ!" ಎಂದಳು ಖುಷಿಯಿಂದ. ಗೆಳತಿಗೆ ಹೇಳಿದಳು, "ನಿಮ್ಮ ಬೀರು ನಮ್ಮಪ್ಪ ಮಾಡಿದ್ದು ಕಣೇ."

"ಧೂಳಾಗುತ್ತೆ, ಸ್ವಲ್ಪ ಹೊರಗೆ ಹೋಗ್ರಮ್ಮ."

"ನಂಗೇನೂ ಆಗಲ್ಲ. ನೀನು ಮಾಡೋದು ನೋಡ್ತೀನಿ."

ಗೆಳತಿ ನೀರು ತರಲು ಹೋದಳು. ಬಡಗಿ ಬೀರುವಿನ ಬಾಗಿಲು ತೆಗೆದು, ಬೆನ್ನು ಅಡ್ಡ ಹಿಡಿದು ಕೂತ. ಬೆನ್ನು ಎಷ್ಟು ಅಗಲ ಮಾಡಿದರೂ ಕಾಣುವುದು ಕಂಡೇ ಕಾಣುತ್ತದೆ. ಒಂದು, ಎರಡು, ಮೂರು, ನಾಲ್ಕು ಸ್ಕ್ರೂ. ಹಲಗೆ ಕೈಗೆ ಬಂತು. ಹಿಂದೆ ಡ್ರಾಯರು, ಅದರ ಹಿಡಿಯ ಸಮೇತ, ಎರಡು ವರ್ಷದ ಹಿಂದೆ ಅವನೇ ಕೂರಿಸಿದಂತೆಯೇ ಇತ್ತು. ಎಳೆದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು.

ಸುತ್ತಿಗೆ ಡ್ರಾಯರನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಪುಸ್ತಕದ ಕಡೆಗೆ ತಿರುಗಿದಳು.

ಹೋಗುವಾಗ ಕಂಡಕ್ಟರ್ ಚಹಾ ಕೊಟ್ಟ. "ಇಷ್ಟು ಬೇಗ ಆಯ್ತಾ? ಕೈ ಪಳಗಿದೆ ನಿಮ್ಮದು," ಎಂದ. ಬಡಗಿ ಅರ್ಧ ಲೋಟ ಹಾಗೇ ಬಿಟ್ಟು ಎದ್ದ.

ಅಂದು ಸಂಜೆ ಊಟಕ್ಕೆ ಕೂತಾಗ ಸುತ್ತಿಗೆಯ ತಟ್ಟೆಯಲ್ಲಿ ಮೊಟ್ಟೆ ಹಾಗೇ ಇತ್ತು.

"ಯಾಕೇ, ಹೊಟ್ಟೆ ನೋವಾ?" ಎಂದಳು ಅಮ್ಮ.

"ಅಮ್ಮ, ಅವರ ಮನೆ ಬೀರೂಲಿ ಮೂರನೇ ಡ್ರಾಯರ್ ಒಳಗೇ ಇತ್ತು. ಮೇಲೆ ಹಲಗೆ ಹೊಡೆದಿದ್ರು. ಅಪ್ಪ ಹಲಗೆ ಬಿಚ್ಚಿದ. ಅಷ್ಟಕ್ಕೆ ಅವರು ದುಡ್ಡು ಕೊಟ್ಟರು."

ಅಜ್ಜ ತುತ್ತು ಕೆಳಗಿಟ್ಟ. ಅವನೂ ಕೈ ಸಾಗುವವರೆಗೆ ಮರ ಕೊಯ್ದವನೇ. "ಹೌದೇನೋ?"

"ಅದು ಕಾರ್ಖಾನೆ ಪದ್ಧತಿ ಅಪ್ಪ. ನಾನೇನು ಕಂಡುಹಿಡಿದದ್ದಾ?"

"ಹಲಗೆ ಹೊಡೆದದ್ದು ಯಾರು?"

"ನಾನೇ. ಕೂಲಿಗೆ."

"ತನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದೆ, ಇವನು ಪಕ್ಕದವರ ತಟ್ಟೇಲಿ ನೊಣ ಹುಡುಕ್ತಾನೆ," ಎಂದ ಅಜ್ಜ. "ನಾಲ್ಕನೇ ಕಾಲಿನ ಕುರ್ಚಿ ಅಂತೆ."

"ಆಟ ಬೇರೆ, ಇದು ಬೇರೆ. ಎರಡಕ್ಕೆ ದುಡ್ಡು ಕೊಟ್ಟರು, ಎರಡು ಸಿಕ್ಕಿತು. ಮೋಸ ಎಲ್ಲಿ ಬಂತು?"

"ನಾವೂ ಏಳಕ್ಕೆ ದುಡ್ಡು ಕೊಟ್ವಿ, ಏಳು ಸಿಕ್ಕಿತು," ಎಂದಳು ಸುತ್ತಿಗೆ. ದನಿ ಏರಲಿಲ್ಲ. "ನೀನೇ ಹೇಳಿದ್ದು ಅಪ್ಪ, ಕೈ ತೊಳ್ಕೊಂಡುಬಿಟ್ರೆ ಆಯ್ತಾ ಅಂತ. ಅಂಗಡಿಯವರು ರಟ್ಟಾದ್ರೂ ಅಂಟಿಸಿದ್ರು."

ಅವಳು ಎದ್ದು ತನ್ನ ತಟ್ಟೆ ತೊಳೆದಿಟ್ಟಳು. ಅಂದಿನಿಂದ ಅಪ್ಪನ ಜೊತೆ ನೇರ ಮಾತು ನಿಂತಿತು. ಅಮ್ಮ, ಅಪ್ಪನ ಚಹಾ ಆರ್ತಿದೆ ಅಂತ ಹೇಳು. ಅಜ್ಜ, ಅಪ್ಪನ ಅಂಗಿ ಗುಂಡಿ ಹೋಗಿದೆ ಅಂತ ಹೇಳು. ಕೋಪದಲ್ಲೂ ಗುಂಡಿ ಹೋದದ್ದನ್ನು ಗಮನಿಸುವ ಮಗುವಿನ ಮೇಲೆ ತಿರುಗಿ ಕೋಪ ಮಾಡಿಕೊಳ್ಳುವುದು ಹೇಗೆ?

ಒಂದು ವಾರ ಬಡಗಿ ಹಲಗೆ ಹೊಡೆದ. ಪ್ರತಿ ಸ್ಕ್ರೂ ಬಿಗಿಯುವಾಗಲೂ ಕಂಡಕ್ಟರನ ಮಾತು ಕೇಳಿಸುತ್ತಿತ್ತು: ಒಬ್ಬರೇ ಯಾಕೆ ಹೊರ್ತೀರಿ. ಎಂಟನೆಯ ದಿನ ಮಾಲೀಕನ ಕೋಣೆಗೆ ಹೋದ.

"ಯಜಮಾನರೇ, ಬಿಲ್ಲಿನಲ್ಲಿ ಒಂದು ಸಾಲು ಬರೆಸಿ. ಮೂರನೇ ಡ್ರಾಯರ್ ಒಳಗೇ ಇದೆ, ಬೇಕಿದ್ದರೆ ಬಿಚ್ಚಿಕೊಡ್ತೀವಿ ಅಂತ. ಕೊಡೋರು ಗೊತ್ತಿದ್ದೇ ಕೊಡಲಿ."

ಮಾಲೀಕ ಒಳ್ಳೆಯ ಮಾತಿನವನೇ. ನಕ್ಕು ಕುರ್ಚಿ ತೋರಿಸಿದ. "ಹಾಗೆ ಬರೆದ್ರೆ ಒಬ್ಬನೂ ಕೊಡಲ್ಲ ಮಾರಾಯ. ಮನೇಲಿ ಸ್ಕ್ರೂಡ್ರೈವರ್ ಇಲ್ವಾ ಜನಕ್ಕೆ? ಮರ ನನ್ನದು, ಯಂತ್ರ ನನ್ನದು. ನಿಂಗೇನಾಯ್ತು ಇದ್ದಕ್ಕಿದ್ದ ಹಾಗೆ?"

"ಬೀರು ಅವರ ಮನೆಗೆ ಹೋದ ಮೇಲೆ ಮರ ಅವರದ್ದು. ನಾನೇ ಹೊತ್ತಿದ್ದೀನಲ್ಲ, ಮೂರು ಡ್ರಾಯರಿನ ಭಾರ ಹೊತ್ತಿದ್ದೀನಿ."

"ಹೋಗು, ಕೆಲಸ ನೋಡು."

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ದಿನಕ್ಕೆ ನೂರಾರು ಹಾಸಿಗೆ ಹೊದಿಕೆ ಮಡಚುವ ಕೈ, ಮನೆಯಲ್ಲೂ ಮೂಲೆಗೆ ಮೂಲೆ ಕೂಡಿಸದೆ ಬಿಡುವುದಿಲ್ಲ.

"ನನ್ನ ಅಳತೆ ಪುಸ್ತಕದಲ್ಲಿ ವಿಳಾಸಗಳಿವೆ," ಎಂದ. "ನಲವತ್ತೊಂದು ಮನೆ. ಸಂಜೆ ಕೆಲಸ ಬಿಟ್ಟ ಮೇಲೆ ಒಂದೊಂದಾಗಿ ಹೋಗಿ ಬಿಚ್ಚಿಕೊಟ್ಟು ಬರೋಣ ಅಂತಿದ್ದೀನಿ. ಮಾಲೀಕರಿಗೆ ಗೊತ್ತಾಗಲ್ಲ."

"ಗೊತ್ತಾಗದ ಹಾಗೆ ಮುಚ್ಚಿದ್ದನ್ನ ಗೊತ್ತಾಗದ ಹಾಗೆ ಬಿಚ್ಚೋದಾ? ಅದೂ ಕಳ್ಳಕೆಲಸವೇ ಆಯ್ತು."

"ಹೇಳಿದ್ರೆ ಕೆಲಸ ಹೋಗುತ್ತೆ ಕಣೇ."

"ಹೋಗುತ್ತೆ." ಅವಳು ಒಂದು ಟವೆಲ್ಲು ಮಡಚಿ ಮುಗಿಸಿದಳು. "ಮನೆ ಬಾಡಿಗೆ ನನ್ನ ಸಂಬಳದಲ್ಲಿ ಹೋಗುತ್ತೆ. ಊಟ ಕಷ್ಟ ಆಗುತ್ತೆ. ಮಾವನ ಔಷಧಿ ನಿಲ್ಲಿಸೋ ಹಾಗಿಲ್ಲ. ನನಗೆ ಭಯ ಇಲ್ಲ ಅಂತ ತಿಳ್ಕೋಬೇಡಿ. ಆದ್ರೆ ಮಾಡೋದಿದ್ರೆ ಅವರ ಎದುರಿಗೆ ಹೇಳಿ ಮಾಡಿ. ಇಲ್ಲದಿದ್ರೆ ಬಾಯಿ ಮುಚ್ಕೊಂಡು ಹಲಗೆ ಹೊಡೀರಿ. ಮಧ್ಯದಲ್ಲಿ ತೂಗಾಡೋ ಗಂಡಸನ್ನ ಮೂರು ಹೊತ್ತೂ ನೋಡೋಕೆ ನನ್ನ ಕೈಲಾಗಲ್ಲ."

ಪಕ್ಕದ ಕೋಣೆಯಲ್ಲಿ ಅಜ್ಜ ಕೆಮ್ಮಿದ. ಒಪ್ಪಿಗೆಯ ಕೆಮ್ಮು.

ಬಡಗಿ ಮರುದಿನ ಹೇಳಿಯೇಬಿಟ್ಟ. ಮಾಲೀಕ ಈ ಸಲ ನಗಲಿಲ್ಲ. "ಒಂದು ಮನೆಗೆ ಹೋದ್ರೂ ಇಲ್ಲಿ ಕಾಲಿಡಬೇಡ," ಎಂದ. "ಹಾಗಾದ್ರೆ ಇವತ್ತಿಗೇ ಲೆಕ್ಕ ಮಾಡಿಬಿಡಿ ಯಜಮಾನರೇ," ಎಂದ ಬಡಗಿ. ಹದಿನಾಲ್ಕು ವರ್ಷದ ಮೇಜು. ತನ್ನ ಉಳಿ, ಗರಗಸ, ಕೀಸುಳಿಗಳನ್ನು ಪೆಟ್ಟಿಗೆಗೆ ತುಂಬಿಕೊಂಡ. ಬಾಗಿಲ ಬಳಿ ಹೋದಾಗ ಮಾಲೀಕ ಹಿಂದಿನಿಂದ ಕರೆದ. ಬದಲಾಯಿತೇನೋ ಮನಸ್ಸು ಎಂದುಕೊಂಡ ಬಡಗಿ.

"ಆ ಹಳೇ ಮೂಲೆಮಟ್ಟ ತಗೊಂಡು ಹೋಗು. ಬೇರೆಯವರ ಕೈಗೆ ಅದು ಹೊಂದಲ್ಲ," ಎಂದ ಮಾಲೀಕ, ಮುಖ ತಿರುಗಿಸಿಕೊಂಡು. ಅಷ್ಟೇ.

ಆ ಭಾನುವಾರ ಬೆಳಿಗ್ಗೆ ಬಡಗಿ ಪೆಟ್ಟಿಗೆ ಎತ್ತಿಕೊಂಡಾಗ, ಸುತ್ತಿಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅಳತೆ ಪುಸ್ತಕ. ಅವನ ಹಿಂದೆಯೇ ಮೆಟ್ಟಿಲಿಳಿದಳು.

ಮೊದಲು ಕಂಡಕ್ಟರನ ಮನೆಗೆ ಹೋಗಿ, ಆ ದಿನ ತಾನು ಏನನ್ನೂ ತಂದಿರಲಿಲ್ಲ ಎಂದು ಹೇಳಿದ. ಕಂಡಕ್ಟರ್ ಒಳಕೋಣೆಯ ಬೀರುವಿನ ಕಡೆ ಒಮ್ಮೆ ನೋಡಿ, "ಚಹಾ ಕುಡೀತೀರಾ?" ಎಂದ. ನಾಳೆಯೇ ಕಾರ್ಖಾನೆಗೆ ಹೋಗಿ ದುಡ್ಡು ಕೇಳುತ್ತೇನೆ, ನಿಮ್ಮ ಹೆಸರು ಹೇಳಬಹುದೇ ಎಂದ. ಹೇಳಿ ಎಂದ ಬಡಗಿ. ಎರಡನೆಯ ಮನೆಯವರು ಬಾಗಿಲ ಸರಪಳಿ ತೆಗೆಯದೆ, ನಮಗೇನೂ ಬೇಡ ಎಂದು ಮುಚ್ಚಿಕೊಂಡರು. ಪುಸ್ತಕದಲ್ಲಿ ಆ ಮನೆಯ ಮುಂದೆ ಸುತ್ತಿಗೆ ಮತ್ತೆ ಬರಬೇಕು ಎಂದು ಬರೆದುಕೊಂಡಳು.

ಮೂರನೆಯದು ಒಬ್ಬ ದಾದಿಯ ಮನೆ, ಐದನೆಯ ಮಹಡಿ. ರಾತ್ರಿ ಪಾಳಿ ಮುಗಿಸಿ ಬಂದ ಕಣ್ಣು. ಸೊಂಟದ ಮೇಲೆ ಮಗು. ಒಳಗೆ ಬಿಟ್ಟಳು, ನಿಂತು ನೋಡಿದಳು. ನಾಲ್ಕು ಸ್ಕ್ರೂ ಬಿಚ್ಚಿ ಬಡಗಿ ಹಲಗೆ ಕೆಳಗಿಟ್ಟ. ಬೀರುವಿನ ನೆತ್ತಿಯ ಮೇಲೆ ಎರಡು ರಟ್ಟಿನ ಪೆಟ್ಟಿಗೆಗಳಿದ್ದವು. ಅವುಗಳಿಂದ ಮಗುವಿನ ಬಟ್ಟೆಗಳು ಇಣುಕುತ್ತಿದ್ದವು.

"ಇದು ಮೊದಲಿಂದ ಇಲ್ಲೇ ಇತ್ತಾ?" ಎಂದಳು ದಾದಿ.

"ಇತ್ತಮ್ಮ."

"ದಿನಾ ಕುರ್ಚಿ ಹಾಕ್ಕೊಂಡು ಹತ್ತಿ ಇಳಿಸ್ತೀನಿ ಆ ಪೆಟ್ಟಿಗೆಗಳನ್ನ. ಹೊಟ್ಟೇಲಿ ಇವನಿದ್ದಾಗಲೂ ಹತ್ತಿದ್ದೀನಿ. ಇಷ್ಟು ದಿನ ನಿಮಗೆ ಗೊತ್ತಿತ್ತಾ?"

ಮಾಲೀಕರು ಹೇಳಿದ್ದು ಎನ್ನಬಹುದಿತ್ತು. ಬಡಗಿ ಎದ್ದು ನಿಂತ.

"ಗೊತ್ತಿತ್ತಮ್ಮ. ಹಲಗೆ ಹೊಡೆದದ್ದು ನಾನೇ."

ದಾದಿ ಕೂಗಾಡಲಿಲ್ಲ. "ಆಯ್ತು, ಹೊರಡಿ," ಎಂದಳು. ನೀರು ಬೇಕೇ ಎಂದು ಕೇಳಲಿಲ್ಲ. ಇವರು ಹೊಸ್ತಿಲು ದಾಟುವಾಗ, ಹಿಂದೆ ಡ್ರಾಯರು ಎಳೆದ, ಮುಚ್ಚಿದ, ಮತ್ತೆ ಎಳೆದ ಸದ್ದು ಕೇಳಿಸಿತು.

ಇಬ್ಬರೂ ಐದು ಮಹಡಿ ಇಳಿದರು. ಬೀದಿಗೆ ಬಂದ ಮೇಲೆ ಬಡಗಿ ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ಇನ್ನುಳಿದವರು ಬೈತಾರೇನೋ," ಎಂದ, ತನಗೆ ತಾನೇ ಎಂಬಂತೆ.

"ಬೈಯ್ಯಲಿ ಅಪ್ಪ," ಎಂದಳು ಸುತ್ತಿಗೆ. ಹತ್ತು ಹನ್ನೊಂದು ದಿನಗಳಲ್ಲಿ ಅವನಿಗೆಂದೇ ಆಡಿದ ಮೊದಲ ಮಾತು ಅದು. ಪುಸ್ತಕದ ಹಾಳೆ ಮಗುಚಿದಳು. "ಮುಂದಿನದು ಪಕ್ಕದ ಬೀದೀಲೇ ಇದೆ. ಪೆಟ್ಟಿಗೆ ಒಂದು ಕಡೆ ನಾನು ಹಿಡೀತೀನಿ, ಕೊಡು."

ಅವನು ಹಿಡಿಯ ಅರ್ಧ ಬಿಟ್ಟುಕೊಟ್ಟ.